ಹೆಸರು ತೆಗೆಯುವ ಮೊದಲು ಒಂದು ಮಾತು ಕೇಳಲಿ



2024ರ ಲೋಕಸಭಾ ಚುನಾವಣೆಯ ದಿನ ನಮ್ಮ ಹಿರಿಯ ಸದಸ್ಯರೊಬ್ಬರು ಬೆಳಿಗ್ಗೆಯೇ ಸ್ನಾನ ಮುಗಿಸಿ, ಬಿಳಿ ಪಂಚೆ ಉಟ್ಟು, ತೋಟದ ಇಳಿಜಾರು ದಾರಿಯಲ್ಲಿ ಎರಡು ಮೈಲಿ ನಡೆದು ಮತಗಟ್ಟೆಗೆ ಹೋದರು. 1977ರಿಂದ ಒಂದು ಚುನಾವಣೆಯನ್ನೂ ಬಿಟ್ಟವರಲ್ಲ. ಅಂದು ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ವಿಚಾರಿಸಿದಾಗ ತಿಳಿದುಬಂದದ್ದು ಇಷ್ಟು: ಹಿಂದಿನ ವರ್ಷ ತೀರಿಕೊಂಡದ್ದು ಅವರ ತಮ್ಮ, ಪಟ್ಟಿಯಿಂದ ಹೋದದ್ದು ಅಣ್ಣನ ಹೆಸರು. ತಂದೆಯ ಹೆಸರು ಒಂದೇ, ಮನೆಯ ಹೆಸರು ಒಂದೇ, ಇನಿಷಿಯಲ್ಲೂ ಒಂದೇ. ಸತ್ತ ತಮ್ಮನ ಹೆಸರು ಪಟ್ಟಿಯಲ್ಲಿ ಹಾಗೆಯೇ ಇತ್ತು. "ನಾನು ಬದುಕಿದ್ದೇನೆಂದು ಯಾರ ಹತ್ತಿರ ಹೇಳಬೇಕು?" ಎಂದು ಕೇಳಿ ಅವರು ಮನೆಗೆ ಹಿಂದಿರುಗಿದರು. ಅಂದು ಆ ಪ್ರಶ್ನೆಗೆ ಉತ್ತರ ಹೇಳುವವರು ಮತಗಟ್ಟೆಯಲ್ಲಿ ಯಾರೂ ಇರಲಿಲ್ಲ.

ಇದೊಂದು ಸಣ್ಣ ತಪ್ಪು, ಗುಮಾಸ್ತರ ಕೈತಪ್ಪು ಎಂದು ನಾವೂ ಅಂದು ಸುಮ್ಮನಾದೆವು. ಆದರೆ 2025ರಲ್ಲಿ ಮತದಾರರ ಪಟ್ಟಿಯ ವಿಚಾರ ಸುಪ್ರೀಂ ಕೋರ್ಟಿನ ಮುಂದೆ ಬಂದು, ದಿನಗಟ್ಟಲೆ ವಾದ ನಡೆದುದನ್ನು ಪತ್ರಿಕೆಗಳಲ್ಲಿ ಓದಿದ ಮೇಲೆ, ನಮ್ಮ ಹಿರಿಯರ ಪ್ರಶ್ನೆ ಅವರೊಬ್ಬರದಲ್ಲ, ದೇಶದ ಪ್ರಶ್ನೆ ಎಂದು ನಮಗೆ ಮನವರಿಕೆಯಾಯಿತು. ಕಾಫಿ, ಅಡಿಕೆಯ ಧಾರಣೆಯ ನಡುವೆ ಈ ವಿಷಯವೇಕೆ ಎಂದು ಯಾರಾದರೂ ಕೇಳಬಹುದು. ಆಮದು ಸುಂಕವಿರಲಿ, ಕಾಡುಪ್ರಾಣಿಗಳ ಹಾವಳಿಯಿರಲಿ, ನಮ್ಮ ಅಹವಾಲು ವಿಧಾನಸೌಧಕ್ಕೂ ದೆಹಲಿಗೂ ಮುಟ್ಟುವುದು ಮತದ ಬಲದಿಂದ. 1978ರ ಚಿಕ್ಕಮಗಳೂರು ಉಪಚುನಾವಣೆಯನ್ನು ಕಣ್ಣಾರೆ ಕಂಡ ಮಲೆನಾಡಿನ ಜನಕ್ಕೆ ಮತದ ಬೆಲೆಯನ್ನು ನಾವು ಹೇಳಿಕೊಡಬೇಕಾದ್ದಿಲ್ಲ.

ಹಕ್ಕು ಸಂವಿಧಾನದಲ್ಲಿ, ಕೀಲಿಕೈ ಪಟ್ಟಿಯಲ್ಲಿ

ಸಂವಿಧಾನದ 326ನೇ ವಿಧಿ ವಯಸ್ಕರೆಲ್ಲರಿಗೂ ಮತದ ಹಕ್ಕು ಕೊಟ್ಟಿದೆ. ಮೊದಲು 21 ವರ್ಷವಿದ್ದ ವಯಸ್ಸು 1989ರಲ್ಲಿ 61ನೇ ತಿದ್ದುಪಡಿಯಿಂದ 18ಕ್ಕೆ ಇಳಿಯಿತು. ಆದರೆ 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 62ನೇ ಕಲಮು ಹೇಳುವುದೇನೆಂದರೆ, ಪಟ್ಟಿಯಲ್ಲಿ ಹೆಸರಿಲ್ಲದವನು ಮತ ಹಾಕುವಂತಿಲ್ಲ. ಅಂದರೆ ಹಕ್ಕು ದೊಡ್ಡ ಗ್ರಂಥದಲ್ಲಿದ್ದರೂ ಅದರ ಕೀಲಿಕೈ ಇರುವುದು ತಾಲೂಕು ಕಚೇರಿಯ ಪಟ್ಟಿಯಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆ ಇಲ್ಲಿಗೆ ಸಲ್ಲುತ್ತದೆ.

ಪಟ್ಟಿ ಮಾಡುವ ಕ್ರಮವನ್ನು 1950ರ ಪ್ರಜಾಪ್ರಾತಿನಿಧ್ಯ ಕಾಯಿದೆ ಹೇಳುತ್ತದೆ. 18 ತುಂಬಿದವನಾಗಿದ್ದು, ಆ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸಿಸುವವನಾಗಿದ್ದರೆ ಹೆಸರು ಸೇರಿಸತಕ್ಕದ್ದು. ಒಂದು ಕ್ಷೇತ್ರದಲ್ಲಿ ಮನೆ ಇದೆ ಎಂದ ಮಾತ್ರಕ್ಕೆ ಅಲ್ಲಿನ ವಾಸಿ ಎಂದಾಗದು. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ವಾಸಿಯಲ್ಲವೆಂದೂ ಆಗದು. ಎರಡು ಕಡೆ ಹೆಸರಿರುವಂತಿಲ್ಲ. ಈ ನಿಯಮಗಳಲ್ಲಿ ನ್ಯಾಯವಿದೆ. ಮಕ್ಕಳು ಬೆಂಗಳೂರಿಗೆ ಹೋಗಿ ಅಲ್ಲೇ ನೆಲೆಸಿ ಎರಡೂ ಕಡೆ ಹೆಸರು ಇಟ್ಟುಕೊಂಡ ಮನೆಗಳು ನಮ್ಮಲ್ಲಿಯೂ ಇವೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಬಿಹಾರದಲ್ಲಿ ಆದದ್ದು

2025ರ ಜೂನ್ 24ರಂದು ಚುನಾವಣಾ ಆಯೋಗವು ಬಿಹಾರ ರಾಜ್ಯದಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಗೆ ಆದೇಶ ಮಾಡಿತು. ವಾಡಿಕೆಯ ಪರಿಷ್ಕರಣೆಯಲ್ಲಿ ಇದ್ದ ಪಟ್ಟಿಗೆ ಸೇರಿಸುವುದು, ತೆಗೆಯುವುದು ನಡೆಯುತ್ತದೆ. ಇಲ್ಲಿ ಹಾಗಲ್ಲ. ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಒಂದು ತಿಂಗಳೊಳಗೆ ಹೊಸದಾಗಿ ನಮೂನೆ ತುಂಬಿ ಕೊಡಬೇಕು. ಕೊಡದವರ ಹೆಸರು ಕರಡು ಪಟ್ಟಿಯಲ್ಲಿ ಬಾರದು. 2003ರ ಪಟ್ಟಿಯಲ್ಲಿ ಹೆಸರಿಲ್ಲದವರು ದಾಖಲೆಗಳನ್ನೂ ಒದಗಿಸಬೇಕು. ಆಯೋಗ ಹೆಸರಿಸಿದ 11 ದಾಖಲೆಗಳಲ್ಲಿ ಆಧಾರ್ ಇರಲಿಲ್ಲ, ಪಡಿತರ ಚೀಟಿ ಇರಲಿಲ್ಲ, ಆಯೋಗವೇ ಕೊಟ್ಟ ಮತದಾರರ ಗುರುತಿನ ಚೀಟಿಯೂ ಇರಲಿಲ್ಲ.

ಆಗಸ್ಟ್ 1ರಂದು ಕರಡು ಪಟ್ಟಿ ಬಂದಾಗ, ಮೊದಲಿದ್ದ ಸುಮಾರು 7 ಕೋಟಿ 89 ಲಕ್ಷ ಹೆಸರುಗಳಲ್ಲಿ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಆಯೋಗದ ಲೆಕ್ಕದಂತೆ ಸುಮಾರು 22 ಲಕ್ಷ ಜನ ಸತ್ತವರು, 36 ಲಕ್ಷ ಜನ ಊರು ಬಿಟ್ಟವರು ಅಥವಾ ಸಿಕ್ಕದವರು, 7 ಲಕ್ಷ ಜನ ಎರಡು ಕಡೆ ಹೆಸರಿದ್ದವರು. ಯಾರು ಯಾವ ಕಾರಣಕ್ಕೆ ಹೋದರೆಂಬ ಹೆಸರುವಾರು ಪಟ್ಟಿಯನ್ನು ಮಾತ್ರ ಜನರ ಮುಂದೆ ಇಟ್ಟಿರಲಿಲ್ಲ. ಆಗಸ್ಟ್ 12ರ ವಿಚಾರಣೆಯಲ್ಲಿ, ಕರಡು ಪಟ್ಟಿಯಲ್ಲಿ ಸತ್ತವರೆಂದು ಬಿಟ್ಟಿದ್ದ ಇಬ್ಬರನ್ನು ಸುಪ್ರೀಂ ಕೋರ್ಟಿನ ಮುಂದೆಯೇ ತಂದು ನಿಲ್ಲಿಸಲಾಯಿತು. ಅದನ್ನು ಓದಿದಾಗ ನಮಗೆ ನಮ್ಮ ಹಿರಿಯರ ಬಿಳಿ ಪಂಚೆ ನೆನಪಾಯಿತು.

ನ್ಯಾಯಾಲಯವು ಪರಿಷ್ಕರಣೆಯನ್ನು ತಡೆಯಲಿಲ್ಲ. ಆದರೆ ಆಗಸ್ಟ್ 14ರಂದು, ಬಿಟ್ಟುಹೋದ 65 ಲಕ್ಷ ಹೆಸರುಗಳನ್ನೂ ಕಾರಣಸಹಿತವಾಗಿ ಪ್ರಕಟಿಸಬೇಕೆಂದು ಆದೇಶಿಸಿತು. ಸೆಪ್ಟೆಂಬರ್ 8ರಂದು ಆಧಾರನ್ನು 12ನೇ ದಾಖಲೆಯಾಗಿ ಸ್ವೀಕರಿಸಬೇಕೆಂದಿತು. ಅದು ಗುರುತಿಗೆ ಆಧಾರವೇ ಹೊರತು ಪೌರತ್ವಕ್ಕಲ್ಲ ಎಂದೂ ಸ್ಪಷ್ಟಪಡಿಸಿತು. ಸೆಪ್ಟೆಂಬರ್ 30ರ ಅಂತಿಮ ಪಟ್ಟಿಯಲ್ಲಿ ಸುಮಾರು 7 ಕೋಟಿ 42 ಲಕ್ಷ ಹೆಸರುಗಳು ನಿಂತವು.

ಅಕ್ಟೋಬರ್ 27ರಂದು ಆಯೋಗವು ಇನ್ನೂ 12 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ ಇದೇ ಕೆಲಸವನ್ನು ಘೋಷಿಸಿತು. ಅದರಲ್ಲಿ ಕೇರಳವೂ ಸೇರಿತ್ತು. ಅಂದರೆ ಕಾಸರಗೋಡಿನ ಕನ್ನಡ ಮಾತಾಡುವ ಅಡಿಕೆ ಬೆಳೆಗಾರರ ಅಂಗಳಕ್ಕೆ ನಮೂನೆಗಳು ಬಂದವು. ಅಲ್ಲಿ 2002ರ ಪಟ್ಟಿಯೇ ಬುನಾದಿ. 2002ರಲ್ಲಿ ಹೆಸರಿರಬೇಕಾದರೆ 1984ರ ಜನವರಿ 1ರೊಳಗೆ ಹುಟ್ಟಿರಬೇಕು. ಅದಕ್ಕಿಂತ ಚಿಕ್ಕವರೆಲ್ಲ ತಂದೆತಾಯಿಗಳ ಹೆಸರಿನ ಎಳೆ ಹಿಡಿದು ತಮ್ಮ ಹೆಸರನ್ನು ಜೋಡಿಸಬೇಕು. ಗಡಿಯಾಚೆಯಿಂದ ಮದುವೆಯಾಗಿ ಬಂದ ಸೊಸೆಯಂದಿರ ಪಾಡನ್ನು ನಾವೇ ಊಹಿಸಬಹುದು: ತವರಿನ ಪಟ್ಟಿ ದಕ್ಷಿಣ ಕನ್ನಡದ್ದು, ಗಂಡನ ಮನೆಯ ಪಟ್ಟಿ ಕೇರಳದ್ದು, ಹೆಸರಿನ ಅಕ್ಷರ ಒಂದರಲ್ಲಿ ಕನ್ನಡ, ಇನ್ನೊಂದರಲ್ಲಿ ಮಲೆಯಾಳ.

ಎರಡು ಕಡೆಯ ವಾದ

ಆಯೋಗದ ವಾದವನ್ನು ಸಾರಾಸಗಟಾಗಿ ತಳ್ಳಿಹಾಕಲಾಗದು. ಪಟ್ಟಿಯ ಉಸ್ತುವಾರಿಯನ್ನು ಸಂವಿಧಾನದ 324ನೇ ವಿಧಿ ಆಯೋಗಕ್ಕೆ ವಹಿಸಿದೆ. ಯಾವ ಕ್ಷೇತ್ರದಲ್ಲಾದರೂ ವಿಶೇಷ ಪರಿಷ್ಕರಣೆ ನಡೆಸುವ ಅಧಿಕಾರವನ್ನು 1950ರ ಕಾಯಿದೆಯ 21ನೇ ಕಲಮು ಕೊಟ್ಟಿದೆ. ಇಪ್ಪತ್ತು ವರ್ಷಗಳಲ್ಲಿ ಜನ ಊರೂರು ಬದಲಿಸಿದ್ದಾರೆ, ಸತ್ತವರ ಹೆಸರು ಉಳಿದಿದೆ, ಒಬ್ಬರಿಗೇ ಎರಡು ಚೀಟಿಗಳಿವೆ. ಇವು ಸುಳ್ಳಲ್ಲ. ಸತ್ತವನ ಹೆಸರಿನಲ್ಲಿ ಬೀಳುವ ಒಂದು ಮತ ಬದುಕಿರುವವನ ಒಂದು ಮತವನ್ನು ಕೊಲ್ಲುತ್ತದೆ.

ಅರ್ಜಿದಾರರ ವಾದವಾದರೋ ಇನ್ನೊಂದು. ದಶಕಗಳಿಂದ ಮತ ಹಾಕಿದವನನ್ನು "ನೀನು ಮತದಾರನೆಂದು ಮತ್ತೆ ಸಾಧಿಸು" ಎನ್ನುವುದು ರುಜುವಾತಿನ ಹೊರೆಯನ್ನು ತಲೆಕೆಳಗು ಮಾಡಿದಂತೆ. ಈ ಬಗ್ಗೆ ಹಳೆಯ ತೀರ್ಪೊಂದಿದೆ. 1995ರಲ್ಲಿ ಲಾಲ್ ಬಾಬು ಹುಸೇನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಈಗಾಗಲೇ ಪಟ್ಟಿಯಲ್ಲಿರುವವನ ಹೆಸರು ಕ್ರಮಪ್ರಕಾರವೇ ಸೇರಿದೆ ಎಂಬುದಕ್ಕೆ ತಕ್ಕ ಬೆಲೆ ಕೊಡಬೇಕು, ತೆಗೆಯುವ ಮುನ್ನ ಅವನಿಗೆ ಹೇಳಿಕೊಳ್ಳುವ ಅವಕಾಶವಿರಬೇಕು, ಅವನ ವಿರುದ್ಧವಿರುವ ಮಾಹಿತಿಯನ್ನು ಅವನಿಗೆ ತಿಳಿಸಬೇಕು ಎಂಬ ತತ್ವವನ್ನು ಹೇಳಿತು. ನಾವು ಬೆಳೆಗಾರರು, ವಕೀಲರಲ್ಲ. ಆದರೂ ಈ ತತ್ವದ ನ್ಯಾಯ ನಮಗೆ ತೋಟದಲ್ಲೇ ಅರ್ಥವಾಗುತ್ತದೆ.

ಅರೇಬಿಕಾ ತೋಟದಲ್ಲಿ ಬೋರರ್ ಹುಳ ಬಿದ್ದಾಗ ನಾವೇನು ಮಾಡುತ್ತೇವೆ? ಆಳು ಹಚ್ಚಿ ಸಾಲುಸಾಲಾಗಿ ಒಂದೊಂದು ಗಿಡದ ಕಾಂಡವನ್ನೂ ನೋಡಿಸುತ್ತೇವೆ. ಹುಳ ಹಿಡಿದದ್ದಕ್ಕೆ ಗುರುತು ಹಾಕಿ ಆಮೇಲೆ ಕೀಳಿಸುತ್ತೇವೆ. ಬೋರರ್ ಗಿಡವನ್ನು ಉಳಿಸಿಕೊಳ್ಳಬೇಕೆಂದು ಯಾರೂ ಹೇಳರು. ಆದರೆ "ಇಡೀ ಬ್ಲಾಕು ಕಿತ್ತುಹಾಕಿ, ಒಳ್ಳೆಯ ಗಿಡಗಳು ತಾವೇ ಬಂದು ನೆಟ್ಟುಕೊಳ್ಳಲಿ" ಎನ್ನುವ ರೈಟರನ್ನು ಯಾವ ತೋಟದವನೂ ಒಂದು ದಿನ ಇಟ್ಟುಕೊಳ್ಳನು. ನಮ್ಮ ಆಕ್ಷೇಪ ಪಟ್ಟಿಯ ಶುದ್ಧೀಕರಣಕ್ಕಲ್ಲ. ನೋಡದೆ ಕೀಳುವುದಕ್ಕೆ.

ನಮ್ಮ ರಾಜ್ಯದ ಪಾಠ

ನೋಡಿ ತೆಗೆದರೆ ಏನು ಪ್ರಯೋಜನವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುನ್ನ, ಹೆಸರು ತೆಗೆಯಬೇಕೆಂದು ಕೋರಿ 6,018 ನಮೂನೆ 7ರ ಅರ್ಜಿಗಳು ಆನ್‌ಲೈನಿನಲ್ಲಿ ಬಂದಿದ್ದವು. ಸ್ಥಳದಲ್ಲಿ ವಿಚಾರಿಸಿದಾಗ ನಿಜವೆಂದು ಕಂಡದ್ದು 24 ಮಾತ್ರ. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು. ಅರ್ಜಿ ಹಾಕಿದರೆಂದು ತೋರಿಸಿದವರಿಗೇ ಅದರ ಸುದ್ದಿ ಇರಲಿಲ್ಲ. ನೋಂದಣಾಧಿಕಾರಿಯೇ 2023ರ ಫೆಬ್ರವರಿಯಲ್ಲಿ ಪೊಲೀಸ್ ದೂರು ಕೊಟ್ಟರು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡವನ್ನೂ ರಚಿಸಿತು. ಅಪರಾಧಿ ಯಾರೆಂಬುದು ತನಿಖೆಗೆ, ನ್ಯಾಯಾಲಯಕ್ಕೆ ಬಿಟ್ಟ ವಿಷಯ. ನಾವು ಗಮನಿಸತಕ್ಕದ್ದು ಇಷ್ಟೇ: ಮನೆಬಾಗಿಲಿಗೆ ಹೋಗಿ ಕೇಳಿದ್ದರಿಂದ ಸುಮಾರು ಆರು ಸಾವಿರ ಜನರ ಹಕ್ಕು ಉಳಿಯಿತು. ಕೇಳದೆ ಸಹಿ ಹಾಕಿದ್ದರೆ ಚುನಾವಣೆಯ ದಿನ ಆರು ಸಾವಿರ ಜನ ನಮ್ಮ ಹಿರಿಯರಂತೆಯೇ ಹಿಂದಿರುಗುತ್ತಿದ್ದರು.

ನಮ್ಮ ಸಹಕಾರ ಕ್ಷೇತ್ರದಲ್ಲೂ ಈ ನೋವು ಹೊಸದಲ್ಲ. ಮಹಾಸಭೆಗಳಿಗೆ ಬರಲಿಲ್ಲ, ಸಂಘದೊಡನೆ ಸಾಕಷ್ಟು ವ್ಯವಹಾರ ಮಾಡಲಿಲ್ಲ ಎಂದು ಸದಸ್ಯರನ್ನು ಅನರ್ಹರ ಪಟ್ಟಿಗೆ ಸೇರಿಸಿ, ಅವರು ಹೈಕೋರ್ಟಿನಿಂದ ಆದೇಶ ತಂದು ಬೇರೆ ಪೆಟ್ಟಿಗೆಯಲ್ಲಿ ಮತ ಹಾಕಿದ ಚುನಾವಣೆಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಸಭೆಯ ನೋಟೀಸು ಕೈಸೇರಿತ್ತೇ ಎಂದು ಮೊದಲೇ ವಿಚಾರಿಸಿದ್ದರೆ ಎಷ್ಟೋ ಖರ್ಚು, ಎಷ್ಟೋ ಮನಸ್ತಾಪ ಉಳಿಯುತ್ತಿತ್ತು. ಆದ್ದರಿಂದ ಸರ್ಕಾರಕ್ಕೆ ಹೇಳುವ ಮಾತನ್ನು ನಮ್ಮ ಸಂಘಗಳ ಆಡಳಿತ ಮಂಡಳಿಗಳಿಗೂ ಹೇಳತಕ್ಕದ್ದಾಗಿದೆ.

ಮಳೆ ಹಿಡಿದ ಮೇಲೆ ಮದ್ದು ಹೊಡೆದರೆ

ಇಲ್ಲಿ ಇನ್ನೊಂದು ಸಂಗತಿಯನ್ನು ಸದಸ್ಯರು ಚೆನ್ನಾಗಿ ತಿಳಿದಿರಬೇಕು. ಪಟ್ಟಿಯ ತಪ್ಪಿಗೆ ಪರಿಹಾರ ಸಿಕ್ಕುವುದು ಚುನಾವಣೆಗೆ ಮೊದಲು ಮಾತ್ರ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆ ಮುಗಿಯುವತನಕ ಯಾವ ಹೆಸರನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ಸಂವಿಧಾನದ 329ನೇ ವಿಧಿಯಂತೆ ಚುನಾವಣೆಯನ್ನು ಪ್ರಶ್ನಿಸಲು ಚುನಾವಣಾ ತಕರಾರು ಅರ್ಜಿಯೊಂದೇ ದಾರಿ. ಆ ಅರ್ಜಿಯಲ್ಲಿಯೂ, ಅಂತಿಮವಾದ ಪಟ್ಟಿಯಲ್ಲಿ ಒಬ್ಬನ ಹೆಸರು ಸೇರಿದ್ದು ಸರಿಯೇ ತಪ್ಪೇ ಎಂದು ಕೆದಕಲು ಸಾಮಾನ್ಯವಾಗಿ ಅವಕಾಶವಿಲ್ಲವೆಂಬುದು 1970ರ ದಶಕದಿಂದ ನ್ಯಾಯಾಲಯಗಳು ಒಪ್ಪಿಕೊಂಡು ಬಂದ ಮಾತು. ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲವೆಂದು 1950ರ ಕಾಯಿದೆಯೇ ತಡೆ ಹಾಕಿದೆ.

ಅಡಿಕೆಗೆ ಬೋರ್ಡೋ ಮದ್ದನ್ನು ಮಳೆಗಾಲ ಹಿಡಿಯುವ ಮೊದಲು ಹೊಡೆಯಬೇಕು. ಕೊಳೆ ಬಿದ್ದು ಕಾಯಿ ಉದುರಿದ ಮೇಲೆ ಹೊಡೆದರೆ ಕೂಲಿ ದಂಡ. ಪಟ್ಟಿಯ ವಿಷಯವೂ ಅಷ್ಟೇ.

ಕಾಯಿದೆಯಲ್ಲಿ ಒಂದು ಕೊರತೆಯನ್ನೂ ನಾವು ಕಾಣುತ್ತೇವೆ. ಊರು ಬಿಟ್ಟನೆಂದೋ ಅರ್ಹನಲ್ಲವೆಂದೋ ಹೆಸರು ತೆಗೆಯುವಾಗ ಆ ವ್ಯಕ್ತಿಗೆ ಹೇಳಿಕೊಳ್ಳುವ ಅವಕಾಶ ಕೊಡಬೇಕೆಂದು 22ನೇ ಕಲಮು ವಿಧಿಸುತ್ತದೆ. ಸತ್ತನೆಂದು ತೆಗೆಯುವಾಗ ಮಾತ್ರ ಆ ವಿಧಿ ಇಲ್ಲ. ಸತ್ತವನನ್ನು ಕೇಳುವುದು ಹೇಗೆ ಎಂಬುದು ಸಹಜವೇ. ಆದರೆ ಬದುಕಿದವನನ್ನು ಸತ್ತವನೆಂದು ಬರೆದರೆ ಅವನಿಗೆ ನೋಟೀಸೂ ಇಲ್ಲ, ವಿಚಾರಣೆಯೂ ಇಲ್ಲ. ನಮ್ಮ ಹಿರಿಯರ ಪ್ರಶ್ನೆಗೆ ಉತ್ತರ ಸಿಗದಿದ್ದುದು ಇಲ್ಲಿಯೇ.

ನಮ್ಮ ಒತ್ತಾಯ

ಒಂದು: ಯಾವ ಹೆಸರಿನ ಪರಿಷ್ಕರಣೆಯೇ ಬರಲಿ, ಹೆಸರು ತೆಗೆಯುವ ಮೊದಲು ಮನೆಗೆ ಕನ್ನಡದಲ್ಲಿ ಬರಹದ ನೋಟೀಸು ಬರಬೇಕು. ಸತ್ತರೆಂಬ ಕಾರಣವಿದ್ದರೆ ಮನೆಯವರನ್ನು ಕೇಳಿ, ಜನನ ಮರಣ ನೋಂದಣಿಯ ಪುಸ್ತಕದೊಡನೆ ತಾಳೆ ನೋಡಬೇಕು.

ಎರಡು: ಬಿಟ್ಟ ಹೆಸರುಗಳ ಪಟ್ಟಿಯನ್ನು ಕಾರಣಸಹಿತವಾಗಿ ಮತಗಟ್ಟೆವಾರು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ತೂಗುಹಾಕಬೇಕು. ಸುಪ್ರೀಂ ಕೋರ್ಟು ಬಿಹಾರಕ್ಕೆ ಹೇಳಿದ್ದು ಎಲ್ಲ ಕಡೆಯೂ ತಾನಾಗಿ ನಡೆಯುವ ಪದ್ಧತಿಯಾಗಬೇಕು. ಮೊಬೈಲಿಗೆ ಸಿಗ್ನಲ್ ಸಿಕ್ಕದ ಕಣಿವೆಗಳಲ್ಲಿರುವ ನಮಗೆ ಆನ್‌ಲೈನ್ ಪಟ್ಟಿಯೊಂದೇ ಸಾಲದು.

ಮೂರು: ಮನೆಮನೆಯ ಎಣಿಕೆಗೆ ಕಾಲ ಗೊತ್ತುಮಾಡುವಾಗ ಊರಿನ ಬೆಳೆ, ಮಳೆ ನೋಡಬೇಕು. ಜುಲೈ ಮಳೆಯಲ್ಲಿ ಹಳ್ಳ ದಾಟಿ ಒಂಟಿ ಮನೆಗಳಿಗೆ ಬರುವುದು ಮತಗಟ್ಟೆ ಮಟ್ಟದ ಅಧಿಕಾರಿಗೆ ಕಷ್ಟ. ಅವರು ಬಹುಮಟ್ಟಿಗೆ ಶಾಲೆಯ ಮೇಷ್ಟರೋ ಅಂಗನವಾಡಿಯ ಕಾರ್ಯಕರ್ತೆಯೋ ಆಗಿರುತ್ತಾರೆ. ಕಾಫಿ ಕೊಯ್ಲಿನ ಭರದಲ್ಲಿ ಬಂದರೆ ಮನೆಯಲ್ಲಿ ಯಾರೂ ಸಿಕ್ಕುವುದಿಲ್ಲ. ಬಾಗಿಲು ಹಾಕಿದ ಮನೆಯೆಲ್ಲ ಊರು ಬಿಟ್ಟವರ ಮನೆಯಲ್ಲ.

ನಾವು ಮಾಡತಕ್ಕದ್ದು

ಬೇರೆಯವರಿಗೆ ಒತ್ತಾಯ ಮಾಡಿ ನಾವು ಕೈಕಟ್ಟಿ ಕುಳಿತರೆ ಆಗದು. ಪಹಣಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಒಂದು ಹೆಸರು, ಮತದಾರರ ಚೀಟಿಯಲ್ಲಿ ಇನ್ನೊಂದು ಹೆಸರು ನಮ್ಮ ಅರ್ಧ ಸದಸ್ಯರದ್ದು. ಗೌಡ, ಭಟ್ಟ, ಹೆಗ್ಡೆ ಎಂಬುದು ಒಂದರಲ್ಲಿ ಇರುತ್ತದೆ, ಒಂದರಲ್ಲಿ ಇರುವುದಿಲ್ಲ. ತಿದ್ದಲು ನಮೂನೆ 8 ಇದೆ. ಹೊಸದಾಗಿ ಸೇರಲು ನಮೂನೆ 6 ಇದೆ. 18 ತುಂಬಿದ ಮಕ್ಕಳು ವರ್ಷಕ್ಕೊಮ್ಮೆ ಕಾಯಬೇಕಾಗಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1ನೇ ತಾರೀಖುಗಳು ನಾಲ್ಕೂ ಅರ್ಹತೆಯ ದಿನಗಳೆಂದು 2021ರ ತಿದ್ದುಪಡಿ ಹೇಳಿದೆ. ನೋಂದಣಾಧಿಕಾರಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ಜಿಲ್ಲಾಧಿಕಾರಿಗೆ, ಅಲ್ಲಿಂದ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಹೋಗಬಹುದು. ಸತ್ತ ಹಿರಿಯರ ಹೆಸರನ್ನು ತೆಗೆಸುವುದೂ ನಮ್ಮದೇ ಕರ್ತವ್ಯ. ತಮ್ಮನ ಹೆಸರನ್ನು ಮನೆಯವರೇ ಕ್ರಮವಾಗಿ ತೆಗೆಸಿದ್ದರೆ ಬಹುಶಃ ಅಣ್ಣನ ಹೆಸರು ಉಳಿಯುತ್ತಿತ್ತು.

ಕೊನೆಯದಾಗಿ, ಮನಸ್ಸಿಗೆ ಸ್ವಲ್ಪ ಚುಚ್ಚುವ ಮಾತೊಂದನ್ನು ಹೇಳುತ್ತೇವೆ. ಲೈನ್ ಮನೆಗಳಲ್ಲಿರುವ ನಮ್ಮ ಕಾರ್ಮಿಕರ ಹೆಸರು ಪಟ್ಟಿಯಲ್ಲಿದೆಯೇ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಹತ್ತಾರು ವರ್ಷ ಇಲ್ಲೇ ದುಡಿದವರ ಹೆಸರು ಇಲ್ಲೂ ಇಲ್ಲ, ಬಿಟ್ಟು ಬಂದ ಊರಿನಲ್ಲೂ ಇಲ್ಲ ಎಂಬ ಸ್ಥಿತಿ ಇದೆ. ಅಧಿಕಾರಿ ಬಂದಾಗ ಅವರು ಕೆಲಸದಲ್ಲಿರುತ್ತಾರೆ. ಅರ್ಧ ದಿನ ಬಿಟ್ಟುಕೊಡಲು ನಮಗೆ ಕೈ ಬರುವುದಿಲ್ಲ. ಮತದಾನದ ದಿನ ಕೂಲಿಸಹಿತ ರಜೆ ಕೊಡಬೇಕೆಂಬುದು 1951ರ ಕಾಯಿದೆಯ 135ಬಿ ಕಲಮಿನ ಆದೇಶ. ದಿನಗೂಲಿಯವರಿಗೂ ಅದು ಅನ್ವಯಿಸುತ್ತದೆ. ಕೊಯ್ಲಿಗೆಂದು ತಿಂಗಳ ಮಟ್ಟಿಗೆ ಬಂದವರು ತಮ್ಮ ಊರಿನ ಮತದಾರರೇ ಆಗಿ ಉಳಿಯುತ್ತಾರೆ. ಅಲ್ಲಿ ಪರಿಷ್ಕರಣೆ ನಡೆಯುತ್ತಿದ್ದರೆ ಅವರಿಗೆ ತಿಳಿಸಿ, ನಮೂನೆ ತುಂಬಲು ನೆರವಾಗುವುದು ನಮ್ಮ ಮಕ್ಕಳಿಗೆ ಹತ್ತು ನಿಮಿಷದ ಕೆಲಸ. ನಮ್ಮ ಹಕ್ಕಿಗೆ ಸುಪ್ರೀಂ ಕೋರ್ಟಿನ ತತ್ವ ಹೇಳಿ, ನಮ್ಮ ಕಣದಲ್ಲಿ ದುಡಿಯುವವರ ಹಕ್ಕನ್ನು ಮರೆತರೆ ಆ ಮಾತಿಗೆ ತೂಕವಿರದು.

ಮುಂದಿನ ಸರ್ವಸದಸ್ಯರ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಮನೆಯ ಹಾಗೂ ಲೈನಿನ ಎಲ್ಲರ ಮತದಾರರ ಚೀಟಿಯ ಸಂಖ್ಯೆಗಳನ್ನು ಬರೆದುಕೊಂಡು ಬರಬೇಕಾಗಿ ವಿನಂತಿ. ಸಭೆಯ ನಂತರ ಸಂಘದ ಕಚೇರಿಯಲ್ಲಿ ಪಟ್ಟಿಯೊಡನೆ ತಾಳೆ ನೋಡೋಣ. 1950 ಎಂಬ ಸಹಾಯವಾಣಿಗೂ ಕೇಳಬಹುದು. ನಮ್ಮ ಹಿರಿಯ ಸದಸ್ಯರು ನಮೂನೆ 6 ತುಂಬಿ, ತಾವು ಬದುಕಿರುವುದನ್ನು ದಾಖಲೆಯಲ್ಲಿ ಮತ್ತೆ ಬರೆಸಿದ್ದಾರೆ. ಎಪ್ಪತ್ತು ದಾಟಿದ ಮೇಲೆ ಹೊಸ ಮತದಾರನೆಂದು ಅರ್ಜಿ ಹಾಕಬೇಕಾಯಿತಲ್ಲ ಎಂದು ನಗುತ್ತಾರೆ. ಆ ನಗುವಿನ ಹಿಂದಿನ ಬೇಸರ ಇನ್ನೊಬ್ಬ ಸದಸ್ಯರಿಗೆ ಬಾರದಿರಲಿ ಎಂಬುದೇ ನಮ್ಮ ಆಶಯ.